ಏನೂ ಇಲ್ಲ ಎಂದ ದೊಡ್ಡಮ್ಮ

ಮಕ್ಕಳ ಮೈ ಯಾಕೆ ಅಳತೆ ಮೀರಿ ಬೆಳೆಯುತ್ತದೆ, ಕೆಲವರಿಗೆ ಕೆಲವು ತಿನಿಸು ಯಾಕೆ ಒಗ್ಗುವುದಿಲ್ಲ, ಈ ಎರಡಕ್ಕೂ ಏನಾದರೂ ನಂಟಿದೆಯೇ ಎಂದು ಸಂಶೋಧನೆ ನಡೆಸುತ್ತಿದ್ದ ಆಸ್ಪತ್ರೆ ಅದು. ಅದರ ಹಿಂಬದಿಯಲ್ಲಿ ಒಂದು ಅಡುಗೆಮನೆ. ಅಲ್ಲಿ ಬೇಯಿಸುತ್ತಿದ್ದವಳನ್ನು ಮಕ್ಕಳೂ ಡಾಕ್ಟರುಗಳೂ ದೊಡ್ಡಮ್ಮ ಎನ್ನುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೆವರು ಸುರಿಸಿ, ಆಮೇಲೆ ಇಲ್ಲಿಗೆ ಬಂದವಳು. ಮಕ್ಕಳಾಗಿರಲಿಲ್ಲ. ಆ ಕೊರಗನ್ನು ಯಾರ ಮುಂದೆಯೂ ಹರಡಿಕೊಂಡವಳಲ್ಲ. ಆದರೆ ಊಟ ಬೇಡವೆಂದು ಹಟ ಹಿಡಿದ ಮಗುವನ್ನು ಕಂಡರೆ ಅವಳ ಕೈ ತಾನಾಗಿ ಚಮಚಕ್ಕೆ ಹೋಗುತ್ತಿತ್ತು. "ನನ್ನ ಕೈಗೆ ಬಾಯಿ ತೆರೀದೆ ಇರೋ ಮಗು ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದಳು. ಅವಳಿಗಿದ್ದ ಜಂಬ ಅದೊಂದೇ.

ಪ್ರತಿ ವಾರ ತೂಕಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಶಾಲೆಯಲ್ಲಿ ಅವಳನ್ನು ಡುಮ್ಮಿ ಎಂದು ಗೋಳುಹೊಯ್ದುಕೊಳ್ಳುತ್ತಿದ್ದರು. ದೊಡ್ಡಮ್ಮ ಬೆಣ್ಣೆಮುದ್ದೆ ಎಂದು ಕರೆದಳು. ಹುಡುಗಿ ಮೊದಲು ಮುಖ ಊದಿಸಿದಳು, ಆಮೇಲೆ ನಕ್ಕಳು. ಎರಡು ವರ್ಷದವಳಿದ್ದಾಗ ಯಾರೋ ಬಾಯಿಗಿಟ್ಟ ಕಡಲೆಬೀಜದ ಮಿಠಾಯಿಯಿಂದ ಅವಳ ತುಟಿ ಬಾತು, ಉಸಿರು ಸಿಕ್ಕಿಕೊಂಡಿತ್ತಂತೆ. ಅಂದಿನಿಂದ ತಾಯಿಗೆ ಜೀವ ಕೈಯಲ್ಲಿ. ಯಾರ ಮನೆಗೂ ಕಳಿಸುವುದಿಲ್ಲ, ಆಟಕ್ಕೂ ಬಿಡುವುದಿಲ್ಲ. ಅಪಾಯವಿಲ್ಲವೆಂದು ಗೊತ್ತಿದ್ದ ಅನ್ನ, ಆಲೂಗೆಡ್ಡೆ, ಒಂದೇ ಬಗೆಯ ಬಿಸ್ಕತ್ತು, ಇಷ್ಟನ್ನೇ ಮತ್ತೆ ಮತ್ತೆ ತಿನ್ನಿಸಿ ಸಾಕಿದ್ದಳು. ಬಾಗಿಲೊಳಗೆ ಕೂತ ಮಗು ಬೆಳೆದದ್ದೆಲ್ಲ ಅಡ್ಡಕ್ಕೆ.

"ಕಡಲೆಬೀಜ ಒಗ್ಗುತ್ತೋ ಇಲ್ಲವೋ ಒಂದು ಸಲ ಗೊತ್ತಾಗಿಬಿಡಲಿ" ಎಂದಳು ಡಾಕ್ಟರಮ್ಮ. "ಒಗ್ಗಿದರೆ ಎಲ್ಲರ ಜೊತೆ ಕೂತು ಉಣ್ತಾಳೆ, ಓಡಾಡ್ತಾಳೆ."

ಆ ಪರೀಕ್ಷೆಯ ಕ್ರಮ ಹೀಗಿತ್ತು. ಸೇಬು ಬೇಯಿಸಿ ಅರೆದ ಗಂಜಿ. ಒಂದು ದಿನ ಅದರಲ್ಲಿ ಕಡಲೆಬೀಜದ ಪುಡಿ ಬೆರೆಸಿರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಯಾವ ದಿನ ಯಾವುದೆಂದು ಬೆರೆಸಿದವರಿಗೆ ಮಾತ್ರ ಗೊತ್ತು; ಮಗುವಿಗೂ ತಾಯಿಗೂ ಡಾಕ್ಟರಿಗೂ ಗೊತ್ತಿರಕೂಡದು. ಬೆರೆಸುವ ಕೆಲಸ ಸಾಮಾನ್ಯವಾಗಿ ದೊಡ್ಡಮ್ಮನದು. ಬೆರೆಸಿದವರು ಹೊರಗೆ ಮುಖ ತೋರಿಸುವಂತಿಲ್ಲ. ಗೋಡೆಯ ಕಿಂಡಿಯಿಂದ ಬಟ್ಟಲು ದಾಟಿಸಬೇಕು, ಅಷ್ಟೇ.

ಪರೀಕ್ಷೆಯ ದಿನ ಬೆಣ್ಣೆಮುದ್ದೆ ಹಲ್ಲು ಕಚ್ಚಿ ಕೂತಳು. ತಾಯಿ ಗೋಗರೆದಳು, ಡಾಕ್ಟರಮ್ಮ ಗೊಂಬೆ ತಂದಳು. ಏನೂ ನಡೆಯಲಿಲ್ಲ. "ದೊಡ್ಡಮ್ಮ ಬಂದರೆ ತಿಂತೀನಿ."

ಡಾಕ್ಟರಮ್ಮ ಅಡುಗೆಮನೆಗೆ ಬಂದಳು. "ಇವತ್ತು ಬೆರೆಸೋದು ಬೇರೆಯವರು ಮಾಡಲಿ. ನೀವು ತಿನ್ನಿಸಿ, ದೊಡ್ಡಮ್ಮ. ಮಗು ಕೇಳಿದರೆ ಗೊತ್ತಿಲ್ಲ ಅನ್ನಿ. ಅದು ನಿಜವೂ ಹೌದಲ್ವಾ?"

"ಅಯ್ಯೋ, ಅದೇನು ಮಹಾ" ಎಂದು ದೊಡ್ಡಮ್ಮ ಕೈ ಒರೆಸಿಕೊಂಡಳು. ಜೊತೆಯ ಕೆಲಸದವಳು ಬಾಗಿಲು ಹಾಕಿಕೊಂಡು ಬಟ್ಟಲು ಸಿದ್ಧಮಾಡಿದಳು.

ಹುಡುಗಿಯ ಕಣ್ಣು ಅರಳಿತು. ಚಮಚ ತುಟಿಯ ಹತ್ತಿರ ಹೋದಾಗ ಮಾತ್ರ ತಲೆ ಹಿಂದೆಳೆದುಕೊಂಡಳು. "ಇದರಲ್ಲಿ ಅದು ಇದೆಯಾ?"

ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಜೀವಮಾನವೆಲ್ಲ ಮಕ್ಕಳ ಬಾಯಿ ತೆರೆಸಿದ ನಾಲಿಗೆ ಅದು. ಖಾರ ಇಲ್ಲ, ಬಿಸಿ ಇಲ್ಲ, ಕಹಿ ಇಲ್ಲ ಎಂದು ಎಷ್ಟು ಮಕ್ಕಳಿಗೆ ಹೇಳಿರಲಿಲ್ಲ! ಹಾಗೇ ಜಾರಿ ಬಂತು.

"ಏನೂ ಇಲ್ಲ ಕಣೇ. ನಾನೇ ಮಾಡಿದ್ದಲ್ವಾ? ಆ ಅನ್ನು."

ಡಾಕ್ಟರಮ್ಮ ಸರಕ್ಕನೆ ತಲೆ ಎತ್ತಿದಳು. ಅಷ್ಟರಲ್ಲಿ ಬಾಯಿ ತೆರೆದಾಗಿತ್ತು.

ಮೊದಲ ಚಮಚ ಸುಮ್ಮನೆ ಇಳಿಯಿತು. ಕಾದರು. ಎರಡನೆಯದಕ್ಕೆ ನಕ್ಕಳು. ಮೂರನೆಯದಾದ ಮೇಲೆ ಕತ್ತು ಕೆರೆದುಕೊಂಡಳು, ಕೆರೆದಲ್ಲೆಲ್ಲ ದದ್ದು ಎದ್ದಿತು, ತುಟಿ ಬಾತಿತು, ಕೆಮ್ಮು ಹತ್ತಿತು. ಸೂಜಿ ಸಿದ್ಧವಾಗಿಯೇ ಇತ್ತು, ತೊಡೆಗೆ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಉಸಿರು ಹದಕ್ಕೆ ಬಂತು. ತಾಯಿ ಮಗಳನ್ನು ಅವುಚಿಕೊಂಡು ಅಳುತ್ತಿದ್ದಳು. ಮಗಳು ಅಳಲಿಲ್ಲ. ತಾಯಿಯ ಹೆಗಲ ಮೇಲಿಂದ ದೊಡ್ಡಮ್ಮನನ್ನೇ ನೋಡಿ, ಬಾತ ತುಟಿಯಲ್ಲೇ ಹೇಳಿದಳು: "ಏನೂ ಇಲ್ಲ ಅಂದ್ಯಲ್ಲ."

ಡಾಕ್ಟರಮ್ಮ ಬೈಯಲಿಲ್ಲ. "ಉತ್ತರ ಸಿಕ್ಕಿತು, ಮಗು ಹುಷಾರಾಗಿದೆ. ಮನಸ್ಸಿಗೆ ಹಚ್ಚಿಕೋಬೇಡಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ದೊಡ್ಡಮ್ಮನಿಗೆ.

ಮೂರು ತಿಂಗಳು ಕಳೆಯಿತು. ಹುಡುಗಿ ಬರುತ್ತಿದ್ದಳು, ಅಡುಗೆಮನೆಯ ಕಡೆ ಸುಳಿಯುತ್ತಿರಲಿಲ್ಲ. ಒಂದು ದಿನ ತೂಕದ ಕೋಣೆಯಿಂದ ಚಪ್ಪಾಳೆ ಕೇಳಿತು. ಬೆಣ್ಣೆಮುದ್ದೆಯ ತೂಕ ಇಳಿದಿದೆಯಂತೆ, ಎಲ್ಲರಿಗಿಂತ ಹೆಚ್ಚು ಇಳಿದಿದೆಯಂತೆ. ದೊಡ್ಡಮ್ಮನೂ ಸೆರಗಲ್ಲಿ ಕೈ ಒರೆಸುತ್ತ ಖುಷಿಯಿಂದ ಓಡಿ ಬಂದಳು. ಅವಳನ್ನು ತಾಯಿ ಹೊರಗಿನ ಬೆಂಚಿನ ಹತ್ತಿರ ತಡೆದಳು.

"ಚಪ್ಪಾಳೆ ತಟ್ತಿದ್ದಾರೆ, ದೊಡ್ಡಮ್ಮ. ಅವಳು ತಿಂತಾನೇ ಇಲ್ಲ. ನಾನು ಕಲಸಿದ ಅನ್ನಾನೂ ಮುಟ್ಟಲ್ಲ. ಬಾಳೆಹಣ್ಣು, ಕಿತ್ತಳೆ, ತಾನೇ ಸಿಪ್ಪೆ ಸುಲಿದದ್ದು ಮಾತ್ರ. ಡಾಕ್ಟರಿಗೆ ಇವತ್ತೇ ಹೇಳ್ತೀನಿ. ಅದಕ್ಕೆ ಮುಂಚೆ ನೀವೊಂದು ಮಾತು ಆಡಿ ನೋಡಿ. ನಿಮ್ಮ ಮಾತು ಕೇಳ್ತಿದ್ದಳಲ್ಲ."

ದೊಡ್ಡಮ್ಮ ಅಡುಗೆಮನೆಗೆ ಹೋಗಿ ಪಾತ್ರೆಯನ್ನು ಮತ್ತೆ ಮತ್ತೆ ತೊಳೆದು, ಬರೀ ಸೇಬು ಬೇಯಿಸಿ ಅರೆದಳು. ಬಟ್ಟಲು ಹಿಡಿದು ಬಂದು, ಮಂಡಿನೋವು ಲೆಕ್ಕಿಸದೆ, ಬೆಂಚಿನ ಮೇಲಿದ್ದ ಹುಡುಗಿಯ ಮುಂದೆ ನೆಲದಲ್ಲಿ ಕೂತಳು. ಹುಡುಗಿಯ ಕೆನ್ನೆ ಇಳಿದು ಹೋಗಿತ್ತು. ಬೆಣ್ಣೆಮುದ್ದೆ ಎನ್ನಲು ಬಾಯಿ ಬರಲಿಲ್ಲ.

"ಅವತ್ತು ನಾನು ಸುಳ್ಳು ಹೇಳಿದೆ ಕಣಮ್ಮ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ತಪ್ಪಾಯ್ತು. ಇದು ಬರೀ ಸೇಬು. ನಾನೇ ತೊಳೆದು, ನಾನೇ ಬೇಯಿಸಿದ್ದು."

ಹುಡುಗಿ ಬಟ್ಟಲನ್ನೂ ಅವಳನ್ನೂ ನೋಡಿದಳು. "ಅವತ್ತೂ ‘ನಾನೇ ಮಾಡಿದ್ದು’ ಅಂದ್ಯಲ್ಲ."

"ಬೇಕಾದರೆ ನೋಡು" ಎಂದು ದೊಡ್ಡಮ್ಮ ತಾನೇ ಒಂದು ಚಮಚ ಬಾಯಿಗಿಟ್ಟುಕೊಂಡಳು, ಮಗು ನೋಡಲೆಂದು ಬಾಯಿ ತೆರೆದು ತೋರಿಸಿದಳು.

"ನಿನಗೆ ಏನೂ ಆಗಲ್ಲ ದೊಡ್ಡಮ್ಮ" ಎಂದಳು ಹುಡುಗಿ. ಕೋಪವಿರಲಿಲ್ಲ; ದೊಡ್ಡವರಿಗೆ ತಿಳಿಯದ್ದನ್ನು ತಿಳಿಹೇಳುವಂತೆ ಮೆಲ್ಲಗೆ ಹೇಳಿದಳು. "ಆಗೋದು ನನಗೆ ತಾನೇ."

ತಾಯಿ ಮಗಳ ಕೈ ಹಿಡಿದು ಡಾಕ್ಟರಮ್ಮನ ಕೋಣೆಗೆ ನಡೆದಳು. ದೊಡ್ಡಮ್ಮ ಬೆಂಚು ಹಿಡಿದು ಎದ್ದಳು. ಬಾಯಲ್ಲಿದ್ದ ತುತ್ತು ಇನ್ನೂ ಅಲ್ಲೇ ಇತ್ತು.