ನೀರು ಬಿಡುತ್ತಿದ್ದ ಮುನಿಯಪ್ಪ

ದಿನ ಬಿಟ್ಟು ದಿನ, ಬೆಳಿಗ್ಗೆ ಆರೂವರೆಗೆ, ನಮ್ಮ ರಸ್ತೆಯ ನಟ್ಟನಡುವೆ ಒಬ್ಬ ಮನುಷ್ಯ ಸೊಂಟ ಬಗ್ಗಿಸಿ ಒಂದು ಕಬ್ಬಿಣದ ಸಲಾಕೆಗೆ ಕಿವಿ ಹಚ್ಚಿ ನಿಂತಿರುತ್ತಿದ್ದ. ಹಿಂದಿನಿಂದ ಆಟೋದವರು ಹಾರ್ನ್ ಹೊಡೆದರೆ ತಲೆ ಎತ್ತದೆ ಒಂದು ಕೈ ಮಾತ್ರ ಎತ್ತುತ್ತಿದ್ದ. "ಇರಪ್ಪಾ, ಕೇಳಿಸ್ಕೋತಾ ಇದೀನಿ."

ಅವನೇ ಮುನಿಯಪ್ಪ. ರಸ್ತೆಯ ಕೆಳಗಿನ ವಾಲ್ವ್‌ಗಳನ್ನು ತಿರುಗಿಸಿ ನಮ್ಮ ಬಡಾವಣೆಗೆ ಸರದಿಯ ಮೇಲೆ ನೀರು ಬಿಡುತ್ತಿದ್ದವನು. ಆ ಸಲಾಕೆ ಅವನ ಬೀಗದಕೈ. ಗುಂಡಿಯೊಳಗಿನ ವಾಲ್ವ್‌ಗೆ ಅದನ್ನು ಸಿಕ್ಕಿಸಿ, ಮೇಲಿನ ಹಿಡಿಯನ್ನು ಎರಡೂ ಕೈಯಿಂದ ತಿರುಗಿಸಿ, ಆಮೇಲೆ ಹಿಡಿಗೇ ಕಿವಿ ಕೊಡುತ್ತಿದ್ದ. ಒಮ್ಮೆ ನಾನು ಏನು ಕೇಳಿಸುತ್ತದೆ ಎಂದು ವಿಚಾರಿಸಿದೆ. "ನೀರು ಚೆನ್ನಾಗಿ ಹೋಗ್ತಿದ್ರೆ ಅಕ್ಕಿ ತೊಳೆದಂಗೆ ಸಾರ್. ಗಾಳಿ ತುಂಬ್ಕೊಂಡಿದ್ರೆ ಮಗು ಬಿಕ್ಕಳಿಸ್ದಂಗೆ. ಯಾರಾದ್ರೂ ಮೋಟ್ರು ಹಾಕಿ ಎಳೀತಿದ್ರೆ, ಮುದುಕ ಬಿಸಿ ಕಾಫಿ ಹೀರ್ದಂಗೆ" ಎಂದ.

ನಾನು ಬಾಣಸವಾಡಿಯ ಈ ಬಡಾವಣೆಗೆ ಬಂದಾಗ ರೈಲು ಹಳಿಯ ಪಕ್ಕ ಇನ್ನೂ ದ್ರಾಕ್ಷಿ ತೋಟದ ಕಲ್ಲುಕಂಬಗಳು ನಿಂತಿದ್ದವು. ಮುನಿಯಪ್ಪ ಹಳೇ ಊರಿನವನೇ. "ನಿಮ್ಮ ಅಡುಗೆಮನೆ ಇರೋ ಜಾಗದಲ್ಲಿ ನಾನು ರಾಗಿ ಕಾವಲು ಕಾದಿದೀನಿ" ಎಂದು ನನ್ನ ಹೆಂಡತಿಗೆ ಹೇಳಿ ನಗುತ್ತಿದ್ದ. ರಸ್ತೆಯ ಕೊನೆಯ ಮನೆಯ ಸ್ಟೆಲ್ಲಾ ಅಮ್ಮ ಗೇಟಿನಿಂದ ಕೂಗಿದರೆ "ವರುದು ಮಾ, ಪತ್ತು ನಿಮಿಷಂ" ಎಂದು ಅವರ ತಮಿಳಿನಲ್ಲೇ ಹತ್ತು ನಿಮಿಷ ಕೇಳುವನು. ಶಿವಾಜಿನಗರದಿಂದ ಬಂದು ನೆಲೆಸಿದ್ದ ಟೈಲರಿಗೆ ಅವನ ಉರ್ದುವಿನಲ್ಲೇ "ಆರಾ ಭಾಯ್, ಜರಾ ರುಕೋ." ಮಹಡಿಗಳಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ, ದಾವಣಗೆರೆಯ ಆಫೀಸಿನ ಹುಡುಗರಿಗೆ "ಏಳಿ ಸಾರ್, ಸ್ನಾನ ಮಾಡಿ, ಬಸ್ಸು ಹೋಗುತ್ತೆ." ಮೋರಿಯ ಆಚೆ ತಗಡಿನ ಶೀಟು ಹೊದಿಸಿದ ಮನೆಗಳ ಸಾಲಿತ್ತು, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಒಂದೊಂದು ಕೋಣೆಯಲ್ಲಿ ಐದಾರು ಜನ ಇದ್ದರು. ಅವರ ಬೀದಿ ನಲ್ಲಿಗೂ ಅವನೇ ನೀರು ಬಿಡಬೇಕು. ಅಲ್ಲಿಗೂ ಯಾಕೆ ಅಷ್ಟೇ ಹೊತ್ತು ಎಂದು ನಮ್ಮವರು ಗೊಣಗಿದರೆ ಅವನ ಉತ್ತರ ಒಂದೇ: "ಪೈಪಿಗೆ ಶೀಟ್ ಮನೆ, ಮಹಡಿ ಮನೆ ಅಂತ ಗೊತ್ತಾಗಲ್ಲ ಸಾರ್."

ಇಂಥವನಿಗೆ ನಾನು ಮಾಡಿದ್ದನ್ನು ಈಗ ಬರೆಯುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಕ್ಷರ ದುಂಡಗಿತ್ತೆಂಬ ಒಂದೇ ಕಾರಣಕ್ಕೆ ಬಡಾವಣೆಯ ನಿವಾಸಿಗಳ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಆ ವರ್ಷ ಮಗಳು ಹೆರಿಗೆಗೆ ಬಂದಳು. ಬಾಣಂತಿ, ಮಗು, ದಿನಕ್ಕೆ ಎರಡು ಸಲ ಎರೆಯುವುದು. ನೆಲದಡಿಯ ತೊಟ್ಟಿಗೆ, ಸಂಪ್‌ಗೆ, ಬೀಳುವ ನೀರು ಸಾಲಲಿಲ್ಲ. ಪ್ಲಂಬರೊಬ್ಬ ಬಂದು ಬೀದಿಯ ಪೈಪಿಗೇ ಸಣ್ಣ ಮೋಟರು ಜೋಡಿಸಿಕೊಟ್ಟ. ಅದು ಅಪರಾಧವೆಂದು ನನಗೆ ಗೊತ್ತಿತ್ತು. ಹಾಗೆ ಮಾಡಬಾರದೆಂದು ಸಂಘದ ಬೋರ್ಡಿನಲ್ಲಿ ಬರೆದು ಅಂಟಿಸಿದವನೇ ನಾನು. ಮಗಳು ಐದನೇ ತಿಂಗಳಿಗೆ ಗಂಡನ ಮನೆಗೆ ಹೋದಳು. ಮೋಟರು ಉಳಿಯಿತು. ಸಂಪು ತುಂಬಿರುವುದನ್ನು ನೋಡುವ ಸುಖ ನನಗೆ ಅಭ್ಯಾಸವಾಗಿಹೋಗಿತ್ತು.

ಒಂದು ಬೆಳಿಗ್ಗೆ ಮುನಿಯಪ್ಪ ಗೇಟಿನ ಹತ್ತಿರ ಬಂದು, ಆಚೀಚೆ ಯಾರೂ ಇಲ್ಲದ್ದು ನೋಡಿ, ದನಿ ತಗ್ಗಿಸಿ ಹೇಳಿದ: "ಸೆಕ್ರೆಟ್ರಿ ಸಾರ್, ನಿಮ್ಮನೇಲಿ ಮುದುಕ ಕಾಫಿ ಕುಡೀತಾನೆ. ಕೊನೇ ಮನೆ ಅಮ್ಮನಿಗೆ ಎರಡು ಬಿಂದಿಗೇನೂ ತುಂಬ್ತಿಲ್ಲ. ತೆಗೆಸ್ಬಿಡಿ. ನಾನ್ ಯಾರ್ಗೂ ಹೇಳಲ್ಲ."

"ಈ ವಾರ ತೆಗೆಸ್ತೀನಪ್ಪ" ಎಂದೆ. ತೆಗೆಸಲಿಲ್ಲ. ಅವನು ಯಾರಿಗೂ ಹೇಳಲೂ ಇಲ್ಲ.

ಬೇಸಿಗೆ ಬಂತು. ಸ್ಟೆಲ್ಲಾ ಅಮ್ಮ ಖಾಲಿ ಕೊಡ ಹಿಡಿದುಕೊಂಡೇ ಸಂಘದ ಸಭೆಗೆ ಬಂದರು. "ನಾನು ವಿಡೋ ಅಂತ ನನ್ಗೆ ಮೋಸ ಮಾಡ್ತೀರಾ? ನೀರೆಲ್ಲ ಎಲ್ಲಿ ಹೋಗ್ತಾ ಇದೆ?" ಎಂದು ಕೂಗಾಡಿದರು. ಎಲ್ಲರೂ ಸಭೆಗೆ ಕರೆಸಿದ್ದ ಮುನಿಯಪ್ಪನ ಕಡೆ ತಿರುಗಿದರು. ಅವನು ನನ್ನನ್ನು ನೋಡಿದ. "ವಾಲ್ವ್ ನಾನ್ ಸರಿಯಾಗೇ ತಿರುಗಿಸ್ತಿದೀನಿ. ಮಿಕ್ಕಿದ್ದು ಹೇಳ್ಬೇಕಾದೋರು ಹೇಳ್ಲಿ" ಎಂದ.

ಅವನು ನನಗೆ ಕೊಟ್ಟ ಎರಡನೇ ಅವಕಾಶ ಅದು. ಆದರೆ ಎಲ್ಲರ ಕಣ್ಣು ಈಗ ನನ್ನ ಮೇಲೆ ಬೀಳುತ್ತದೆ ಅನ್ನಿಸಿ, ನನ್ನ ಬಾಯಿಂದ ಬೇರೆಯೇ ಮಾತು ಬಂತು. "ಶೀಟ್ ಮನೆಗಳ ಕಡೆ ಅರ್ಧ ಗಂಟೆ ಜಾಸ್ತಿ ಬಿಡ್ತಾನೆ ಅಂತ ಜನ ಮಾತಾಡ್ಕೋತಾರೆ. ಅಲ್ಲಿಂದ ಏನಾದ್ರೂ ಸಿಗುತ್ತೇನೋ."

ಹಾಗೆಂದು ಯಾವ ಜನವೂ ಮಾತಾಡಿಕೊಂಡಿರಲಿಲ್ಲ. ಅದನ್ನು ಹುಟ್ಟಿಸಿದವನು ನಾನು. ಎಲ್ಲರಿಗೂ ಅದು ತಕ್ಷಣ ನಿಜ ಅನ್ನಿಸಿತು. "ಅದೇ ಮತ್ತೆ!" ಎಂದರು. "ಪೈಪಿಗೆ ಗೊತ್ತಾಗಲ್ವಂತೆ, ಇವ್ನಿಗೆ ಗೊತ್ತಾಗುತ್ತೆ!" ಎಂದು ಟೈಲರು ಅಣಕಿಸಿದ. ಮುನಿಯಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮಾರನೆಯ ದಿನ ನನ್ನ ದುಂಡು ಅಕ್ಷರದಲ್ಲಿ ದೂರು ಬರೆದೆ. ನಲವತ್ತು ಮನೆಯವರು ಸಹಿ ಹಾಕಿದರು. ನೀರು ಬಿಡಿಸುವ ಗುತ್ತಿಗೆ ಹಿಡಿದಿದ್ದವನು ಅವನನ್ನು ಕೆಲಸದಿಂದ ತೆಗೆದ.

ಇದಾದ ಮೇಲೆ ನನಗೆ ಊಟ ಸೇರದಾಯಿತು. ಒಂದು ಭಾನುವಾರ ನಾನೇ ಸ್ಪ್ಯಾನರ್ ಹಿಡಿದು ಮೋಟರನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಪಾಪ ತೊಳೆದುಕೊಂಡೆ ಎಂದುಕೊಂಡೆ. ಮುಂದಿನ ಸರದಿಯಲ್ಲಿ ಕೊನೆಯ ಮನೆಯ ನಲ್ಲಿ ಜೋರಾಗಿ ಬಂತು. ಸ್ಟೆಲ್ಲಾ ಅಮ್ಮ ಕೇಕು ಹಂಚಿದರು. "ನೋಡಿ, ಕಳ್ಳ ಹೋದ, ನೀರು ಬಂತು" ಎಂದು ಬೀದಿಯೆಲ್ಲ ಹೇಳಿತು. ನಾನು ತಪ್ಪು ತಿದ್ದಿಕೊಂಡದ್ದೇ ಅವನು ಕಳ್ಳನೆಂಬುದಕ್ಕೆ ಸಾಕ್ಷಿಯಾಯಿತು. ಆ ಕೇಕನ್ನು ನಾನೂ ತಿಂದೆ.

ಮುನಿಯಪ್ಪ ಹಳೇ ಊರು ಬಿಟ್ಟ ಸುದ್ದಿ ಬಂತು. ಆಮೇಲೆ ಎಷ್ಟೋ ವರ್ಷ ನಾನವನನ್ನು ನೋಡಲಿಲ್ಲ. ಕಳೆದ ವರ್ಷ ಕೆ.ಆರ್. ಪುರದ ಕಡೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೀಲಿ ಅಂಗಿಯ ಮುದುಕ ಎದ್ದು ನಿಂತ. "ಸೆಕ್ರೆಟ್ರಿ ಸಾರ್! ಎಷ್ಟು ಬಡವಾಗಿದೀರಾ! ನಿಮ್ಮನೆ ಅಮ್ಮಾವ್ರು ಹೆಂಗಿದಾರೆ?"

"ಹೋಗ್ಬಿಟ್ಟಳು ಮುನಿಯಪ್ಪ, ಎರಡು ವರ್ಷ ಆಯ್ತು."

"ಅಯ್ಯೋ. ನಂಗೆ ಎಷ್ಟು ಸಲ ಉಪ್ಪಿಟ್ಟು ಕೊಟ್ಟಿದಾರೆ" ಎಂದ. ತನ್ನ ಕುರ್ಚಿಯನ್ನು ನನ್ನ ಕಡೆ ತಳ್ಳಿದ.

ನಾನು ಕೂರಲಿಲ್ಲ. ಅವನ ಕೈ ಹಿಡಿದು ಎಲ್ಲ ಹೇಳಿದೆ. ಮೋಟರು, ಸಭೆ, ನಾನು ಹುಟ್ಟಿಸಿದ ಮಾತು. ಹೇಳುತ್ತಾ ಅತ್ತೆ. ಅವನು ಕೊನೆಯವರೆಗೆ ಕೇಳಿದ.

"ಗೊತ್ತಿರೋನ್ಗೇ ಬಂದು ಹೇಳ್ತಿದೀರಲ್ಲ ಸಾರ್" ಎಂದ. ಸಿಟ್ಟಿನ ದನಿ ಅಲ್ಲ. "ಮೋಟ್ರು ವಿಷ್ಯ ನಿಮ್ಗೆ ಹೇಳ್ದೋನೇ ನಾನು. ನಂ ಹೆಂಡ್ತೀನೇ ಆವತ್ತು ಕೇಳಿದ್ಲು, ನಿಜವಾಗ್ಲೂ ಕೈ ಚಾಚಿದ್ಯಾ ಅಂತ. ಮನೇಲಿ ಆ ಮಾತು ಬಂತು, ನೋಡಿ. ನಂಗ್ಯಾಕೆ ಹೇಳ್ತೀರಾ? ಗೊತ್ತಿಲ್ದೋರಿಗೆ ಹೇಳಿ."

ಅಷ್ಟರಲ್ಲಿ ಕಾರೊಂದು ಬಂತು. ಅವನು ಗೇಟು ತೆಗೆಯಲು ಹೋದ. ಅದೇ ಕೊನೆಯ ಭೇಟಿ.

ಹೇಳುತ್ತೇನೆಂದು ನಿಶ್ಚಯಿಸಿಯೇ ಮನೆಗೆ ಬಂದೆ. ಮುಂದಿನ ಸಭೆಯಲ್ಲಿ, ಅದರ ಮುಂದಿನ ಸಭೆಯಲ್ಲಿ ಎಂದು ನಾಲ್ಕು ತಿಂಗಳು ತಳ್ಳಿದೆ. ಕೊನೆಗೊಂದು ದಿನ ಎದ್ದು ನಿಂತು ಹೇಳಿಯೇಬಿಟ್ಟೆ. ಕುರ್ಚಿಗಳಲ್ಲಿ ಇದ್ದವರೆಲ್ಲ ಹೊಸಬರು. ನಮ್ಮ ಕಾಲದ ಮನೆಗಳು, ನನ್ನದೊಂದು ಬಿಟ್ಟು, ಎಲ್ಲ ಒಡೆದು ನಾಲ್ಕಂತಸ್ತಿನ ಪಿಜಿ ಹಾಸ್ಟೆಲುಗಳಾಗಿವೆ. ಶೀಟ್ ಮನೆಗಳ ಜಾಗದಲ್ಲಿ ಷೋರೂಮು ಎದ್ದಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಈಗಿನ ಕಾರ್ಯದರ್ಶಿ, ಒಳ್ಳೆಯ ಹೆಣ್ಣುಮಗಳು, "ಸಾರಿ ಅಂಕಲ್, ಮುನಿಯಪ್ಪ ಅಂದ್ರೆ ಯಾರು?" ಎಂದಳು. ಆಮೇಲೆ, "ಇದನ್ನ ಮಿನಿಟ್ಸ್‌ಗೆ ಹಾಕ್ಬೇಕಾ?"

ಮಾರನೆಯ ದಿನವೇ ಕೆ.ಆರ್. ಪುರಕ್ಕೆ ಹೋದೆ. ಗೇಟಿನಲ್ಲಿ ಬೇರೆಯವನಿದ್ದ. ಮುನಿಯಪ್ಪ ಕಾಯಿಲೆ ಬಿದ್ದು ಹೋಗಿ ಮೂರು ವಾರವಾಗಿತ್ತು. ಶವವನ್ನು ಮಾಲೂರು ಕಡೆ ಹೆಂಡತಿಯ ಊರಿಗೆ ಕೊಂಡೊಯ್ದರಂತೆ.

ಸಹಿ ಹಾಕಿದ ನಲವತ್ತು ಮನೆಯವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಮಿಕ್ಕವರು ಮನೆ ಮಾರಿ ದೊಮ್ಮಲೂರು, ಹೊಸಕೋಟೆ, ಎಲ್ಲೆಲ್ಲೋ ಇದ್ದಾರೆ. ಅವರೆಲ್ಲರ ತಲೆಯಲ್ಲಿ ಮುನಿಯಪ್ಪ ಇವತ್ತಿಗೂ ಕಳ್ಳನೇ. ಹಳೆಯ ಡೈರಿ ಹುಡುಕಿ ಆರು ನಂಬರು ತೆಗೆದಿದ್ದೇನೆ. ನಿನ್ನೆ ಮೊದಲಿಗೆ ಸ್ಟೆಲ್ಲಾ ಅಮ್ಮನಿಗೆ ಫೋನ್ ಮಾಡಿದೆ. ಅವರೀಗ ಕೆ.ಜಿ.ಎಫ್.ನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಕಿವಿ ಮಂದವಾಗಿದೆ, ದನಿ ಮಾತ್ರ ಹಾಗೇ ಇದೆ. ಮುನಿಯಪ್ಪನ ಹೆಸರೆತ್ತಿದೆ.

"ಯಾರು? ನೀರು ಕದೀತಿದ್ದನಲ್ಲ, ಅವ್ನಾ?" ಎಂದು ಕೂಗಿದರು.

"ಕದ್ದಿದ್ದು ಅವನಲ್ಲಮ್ಮ" ಎಂದು ನಾನೂ ಕೂಗಿದೆ, ಪಕ್ಕದ ಪಿಜಿಯ ಹುಡುಗರು ಕಿಟಕಿಗೆ ಬರುವಷ್ಟು ಜೋರಾಗಿ. "ನಾನು."