ತಗ್ಗುತ್ತಾ ಹೋದ ಲೋಟಗಳು

ಕೊಲ್ಲಿ ನಾಡಿನ ಸೂಕ್ ವಾಕಿಫ್ ಪೇಟೆಯ ಚಹಾದಂಗಡಿಯಲ್ಲಿ ಜರ್ಮನ್ನರೂ ಚೀನಿಯರೂ ಒಂದೇ ಉದ್ದ ಮೇಜಿನ ಸುತ್ತ ಕೂತಿದ್ದರು. "ದೋಸ್ತಿ ಮಾಡ್ಲಿಕ್ಕೇ ಇವರದ್ದೊಂದು ಸಂಘ ಉಂಟು ಮಾರಾಯ್ರೆ," ಎಂದ, ನನ್ನನ್ನು ಕರೆತಂದ ಮಂಗಳೂರಿನ ಗೆಳೆಯ ಸುಕೇಶ. ಅವನ ಆಫೀಸಿನ ಜರ್ಮನ್ ಸಹೋದ್ಯೋಗಿ ಪೀಟರ್ ಅದರ ಸದಸ್ಯರು.

ಹಾಲು ಹಾಕಿ ಕುದಿಸಿದ ಇಲ್ಲಿಯ ಕರಕ್ ಚಹಾ ಬಂತು. ಕುಡಿಯುವ ಮೊದಲು ಲೋಟಕ್ಕೆ ಲೋಟ ತಾಕಿಸಬೇಕು. ಆಗ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಜರ್ಮನ್ನರ ಕ್ರಮವಂತೆ. ಗೌರವಕ್ಕೆ ತಮ್ಮ ಲೋಟವನ್ನು ಎದುರಿನವರದ್ದಕ್ಕಿಂತ ಕೆಳಗೆ ಹಿಡಿಯುವುದು ಚೀನಿಯರದ್ದು. ಸಂಘಕ್ಕೆ ಬಂದು ಬಂದು ಎರಡೂ ಕಡೆಯವರು ಎರಡನ್ನೂ ಕಲಿತುಬಿಟ್ಟಿದ್ದಾರೆ! ಪೀಟರ್ ಲೋಟ ತಗ್ಗಿಸಿದರು. ಎದುರಿದ್ದ ಚೀನೀ ಶಿಕ್ಷಕಿ ಇನ್ನೂ ತಗ್ಗಿಸಿದರು. ಇಬ್ಬರೂ ಬಿಟ್ಟುಕೊಡಲೊಲ್ಲರು. ಕಣ್ಣು ಕಣ್ಣಲ್ಲೇ ನೆಟ್ಟಿದ್ದರಿಂದ ಮೇಜು ಬಂದದ್ದೇ ತಿಳಿಯಲಿಲ್ಲ. ಲೋಟಗಳೆರಡೂ ಟಕ್ಕೆಂದು ಬಡಿದು ಮಗುಚಿದವು.

"ಖಲಾಸ್!" ಎಂದ ಸುಕೇಶ. ಎಲ್ಲರೂ ನಕ್ಕರು.

ಶಿಕ್ಷಕಿ ಕೈ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿ, "ನಿಮ್ಮಲ್ಲಿ ಹೇಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾವು ಚಹಾದ ಲೋಟ ತಾಕಿಸುವುದೇ ಇಲ್ಲವಲ್ಲ! ಸುಕೇಶನ ಮುಖ ನೋಡಿದೆ.

"ಏನಾದ್ರೂ ಮಾಡಿ ಮಾರಾಯ್ರೆ, ಊರಿನ ಮರ್ಯಾದೆ ಪ್ರಶ್ನೆ!"

ನನ್ನ ಚಹಾದಲ್ಲಿ ಅರ್ಧವನ್ನು ಶಿಕ್ಷಕಿಯ ಬರಿದಾದ ಲೋಟಕ್ಕೆ ಸುರಿದು, "ಬೈಟು," ಎಂದೆ.

ಅವರು ಲೋಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಅದರಲ್ಲೂ ಅರ್ಧವನ್ನು ಪೀಟರ್ ಲೋಟಕ್ಕೆ ಸುರಿದರು.