ಹದಿನಾರು ಹಾಳೆಯ ಕಾಗದ

ನಮ್ಮ ಮನೆಯ ಪ್ರಿಂಟರ್ ಬೊಟ್ಟು ಇಟ್ಟುಕೊಂಡಿದೆ. ಒಂದಲ್ಲ, ಮೂರು. ನನ್ನ ಹೆಂಡತಿ ಗಂಗಾಳ ಅಂಟುಬೊಟ್ಟಿನ ಚೀಟಿಯಿಂದ ದೊಡ್ಡದೊಂದನ್ನು ಕಿತ್ತು ಆನ್ ಮಾಡುವ ಗುಂಡಿಗೂ, ಸಣ್ಣದೊಂದನ್ನು ನಕಲು ತೆಗೆಯುವ ಗುಂಡಿಗೂ, ಮದುವೆಮನೆಗೆಂದು ಅವಳು ಎತ್ತಿಟ್ಟಿದ್ದ ಕಲ್ಲಿನ ಬೊಟ್ಟನ್ನು ‘ಸಾಕು, ನಿಲ್ಲಿಸು’ ಎನ್ನುವ ಗುಂಡಿಗೂ ಅಂಟಿಸಿದ್ದೇನೆ. ಅಗ್ಗದ ಪ್ರಿಂಟರುಗಳನ್ನು ಮಾಡುವವರು ಗುಂಡಿಗಳನ್ನೆಲ್ಲ ಒಂದೇ ನುಣುಪಿನಲ್ಲಿ ಮಾಡುತ್ತಾರೆ. ಕಣ್ಣಿದ್ದವರಿಗೆ ಅದು ಅಂದ, ನನ್ನಂಥವನಿಗೆ ಅಡವಿ. ಬೊಟ್ಟು ಬಂದಮೇಲೆ ಬೆರಳಿಗೆ ದಾರಿ ಗೊತ್ತಾಯಿತು.

ನನ್ನ ಕಣ್ಣಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಮುಜುಗರಪಡುವುದು ಬೇಡ. ಪೂರಾ ಕುರುಡನಲ್ಲ. ನೋಟದ ನಡುಭಾಗ ಮಾತ್ರ ಆರು ವರ್ಷದಿಂದ ಸವೆಯುತ್ತಾ ಬಂದಿದೆ. ಯಾವುದನ್ನು ನೋಡಬೇಕೆಂದು ನೇರ ದಿಟ್ಟಿಸುತ್ತೇನೋ ಅದೇ ಮಾಯ. ಪಕ್ಕದಲ್ಲಿರುವ, ನನಗೆ ಬೇಡವಾದ ಗೋಡೆ, ಕ್ಯಾಲೆಂಡರು, ಕುಕ್ಕರು ಎಲ್ಲ ಹಾಜರು. ಹಾಗಾಗಿ ನಿಮ್ಮ ಮುಖ ಕಾಣಲು ನಾನು ನಿಮ್ಮ ಕಿವಿಯಾಚೆಗೆ ನೋಡುತ್ತೇನೆ. ಮಾತಾಡಿಸಿದರೆ ಎಲ್ಲೋ ನೋಡ್ತಾನೆ, ಜಂಬದ ಮನುಷ್ಯ ಎಂದು ಬೀದಿಯಲ್ಲಿ ಒಂದಿಬ್ಬರು ಅಂದುಕೊಂಡದ್ದೂ ಉಂಟು. ಬಡವನಿಗೆ ಬಂದ ಈ ಜಂಬವನ್ನು ನಾನೂ ಬೇಡವೆನ್ನಲಿಲ್ಲ.

ಗುಬ್ಬಿಯ ಕಚೇರಿಯೊಂದರಲ್ಲಿ ಟೈಪಿಸ್ಟಾಗಿ ಮೂವತ್ತು ವರ್ಷ ಕಳೆದವನು ನಾನು. ಬೆಳಗಿನ ರೈಲಿನಲ್ಲಿ ತುಮಕೂರಿನಿಂದ ಹೋಗಿ ಸಂಜೆಯ ರೈಲಿನಲ್ಲಿ ಬರುತ್ತಿದ್ದೆ. ಆ ಉದ್ಯೋಗ ಕೊಟ್ಟ ನಿಜವಾದ ಪಿಂಚಣಿಯೆಂದರೆ ಕೀಲಿಮಣೆಯನ್ನು ನೋಡದೆಯೇ ಹೊಡೆಯುವ ಬೆರಳುಗಳು. ಕಣ್ಣು ಕೈಕೊಟ್ಟಾಗ ಬೆರಳು ಕೈಹಿಡಿಯಿತು. ನಿವೃತ್ತನಾದ ಮೇಲೆ ಹಳೆಯ ಕಂಪ್ಯೂಟರೊಂದಕ್ಕೆ, ಅದನ್ನು ನಡೆಸುವ ತಂತ್ರಾಂಶವಾಗಿ, ಲಿನಕ್ಸ್ ಹಾಕಿಕೊಂಡೆ. ಪುಕ್ಕಟೆ ಸಿಗುತ್ತದೆಂಬ ಆಸೆಗೇ ಹಾಕಿದ್ದು, ಸುಳ್ಳೇಕೆ ಹೇಳಲಿ. ಆದರೆ ನನ್ನನ್ನು ಅಲ್ಲಿ ಉಳಿಸಿದ್ದು ಬೇರೆ ಸಂಗತಿ. ಆ ಮನೆಯಲ್ಲಿ ಬೀಗ ಹಾಕಿದ ಕೋಣೆಯೇ ಇಲ್ಲ. ಪರದೆಯನ್ನು ಕಪ್ಪು ಮಾಡಿ ಅಕ್ಷರವನ್ನು ಹಳದಿ ಮಾಡು ಎಂದರೆ ಮಾಡುತ್ತದೆ. ಬಾಣದ ಗುರುತನ್ನು ಬದನೆಕಾಯಿ ಗಾತ್ರಕ್ಕೆ ಹಿಗ್ಗಿಸು ಎಂದರೂ ‘ಅಷ್ಟು ದೊಡ್ಡದು ಯಾರಿಗೆ ಬೇಕು’ ಎಂದು ಕೇಳುವುದಿಲ್ಲ. ಕೆಟ್ಟರೆ ಬಿಚ್ಚಿ ನೋಡಬಹುದು, ಬಿಚ್ಚಿದ್ದು ಕೂಡದಿದ್ದರೆ ಜಗತ್ತಿನ ಯಾವುದೋ ಮೂಲೆಯ ಅಪರಿಚಿತನೊಬ್ಬ ದಾರಿ ಹೇಳುತ್ತಾನೆ. ಕಣ್ಣು ಹೋಗುತ್ತಿರುವವನಿಗೆ ಎಲ್ಲರೂ ಎಲ್ಲವನ್ನೂ ಮಾಡಿಕೊಡಲು ಬರುತ್ತಾರೆ. ತಾನೇ ಕೆಡಿಸಿ ತಾನೇ ಸರಿಮಾಡಿಕೊಳ್ಳುವ ಸುಖವನ್ನು ಮಾತ್ರ ಯಾರೂ ಬಿಟ್ಟುಕೊಡುವುದಿಲ್ಲ.

ಇಷ್ಟೆಲ್ಲ ಇದ್ದೂ ನನಗೊಂದು ಹಸಿವು ಉಳಿದಿತ್ತು. ಕಂಪ್ಯೂಟರ್ ನನಗೆ ಏನು ಬೇಕಾದರೂ ಓದಿ ಹೇಳುತ್ತದೆ, ಅದೂ ಕನ್ನಡದಲ್ಲೇ. ಮದುವೆಯ ಕರೆಯನ್ನೂ ಮರಣದ ಸುದ್ದಿಯನ್ನೂ ಒಂದೇ ರಾಗದಲ್ಲಿ. ಗಂಗಾ ಕೂಡ ಓದುತ್ತಾಳೆ, ಇಂಪಾಗಿಯೇ. ಆದರೆ ಓದುವುದೆಂದರೆ ಕೇಳುವುದಲ್ಲ. ಹಾಳೆಗೂ ನನಗೂ ನಡುವೆ ಯಾರ ದನಿಯೂ ಇಲ್ಲದೆ, ಬೇಕಾದ ಕಡೆ ನಿಂತು, ಒಂದು ಸಾಲಿನ ಮೇಲೆ ಸುಮ್ಮನೆ ಎರಡು ನಿಮಿಷ ಕೂತುಬಿಡುವ ಆ ಏಕಾಂತ ನನಗೆ ಬೇಕಿತ್ತು. ಈಗಲೂ ಬೇಕು. ಅದರಲ್ಲೂ ಒಬ್ಬರ ಅಕ್ಷರದ ಜೊತೆಗೆ.

ಅವಳು ನನ್ನಕ್ಕ, ನಾಗರತ್ನ. ಕುಣಿಗಲ್ಲಿನಲ್ಲಿ ಕೆರೆಯ ಕಡೆಗೆ ಮನೆ, ಪ್ರೈಮರಿ ಶಾಲೆಯ ಮೇಡಮ್ಮಾಗಿದ್ದವಳು. ಗುಬ್ಬಿಯ ನಮ್ಮ ಹಳೆಯ ಮನೆಯ ಜಗಲಿಯ ಮೇಲೆ ಸ್ಲೇಟಿನಲ್ಲಿ ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ. ನಾನು ಲೋಕದಲ್ಲಿ ಮೊದಲು ಓದಿದ್ದು ಅವಳ ಬರಹವನ್ನು. ಅವಳದು ಪೆನ್ಸಿಲ್ಲಿನ ಸಣ್ಣಕ್ಷರ, ರಾಗಿ ಕಾಳಿನಷ್ಟು. ಹತ್ತು ವರ್ಷದಿಂದ ಅವಳಿಗೆ ಕಿವಿ ಕೇಳಿಸದು. ಫೋನು ನಮ್ಮಿಬ್ಬರ ನಡುವೆ ದಂಡ. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಅವಳು ಕಲಿಯಲಿಲ್ಲ. ಹಾಗಾಗಿ ಊರೆಲ್ಲ ಮರೆತಿರುವ ಅಂಚೆಯವರನ್ನು ನಾವಿಬ್ಬರೂ ಇನ್ನೂ ಬದುಕಿಸಿಟ್ಟಿದ್ದೇವೆ.

ಕಣ್ಣಿನ ಸಂಗತಿ ಅಕ್ಕನಿಗೆ ನಾನು ಹೇಳಿರಲಿಲ್ಲ. ‘ನಮ್ಮ ಶಿವೂದು ಹದ್ದಿನ ಕಣ್ಣು’ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು. ಭಾವ ತೀರಿಕೊಂಡ ವರ್ಷವೇ ನನಗೆ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದದ್ದು. ಆಮೇಲೆ ಹೇಳೋಣವೆಂದು ಮುಂದೂಡಿದ್ದು ಮುಂದಕ್ಕೇ ಹೋಯಿತು. ಒಬ್ಬನೇ ಬಸ್ ಹತ್ತಲು ಅಂಜಿ ಕುಣಿಗಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ. ಅದಕ್ಕೂ ಮಂಡಿನೋವು ಎಂದೊಂದು ನೆಪ ಹುಟ್ಟಿಸಿದೆ. ಮಂಡಿ ಪಾಪ, ಗಟ್ಟಿಯಾಗಿಯೇ ಇತ್ತು.

ಅದು ಗಟ್ಟಿಯಾಗಿರಲೇಬೇಕಿತ್ತು, ಏಕೆಂದರೆ ಅಕ್ಕನ ಕಾಗದ ಓದಲು ನಾನು ಮಂಡಿಯೂರಬೇಕು. ಕೈಬರಹವನ್ನು ನನ್ನ ಕಂಪ್ಯೂಟರ್ ಓದಲಾರದು. ಆದ್ದರಿಂದ ಕಾಗದವನ್ನು ಪ್ರಿಂಟರಿನ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ, ಹಿಗ್ಗಿಸಿ, ತುಂಡುತುಂಡಾಗಿ ಅಚ್ಚು ಹಾಕಿ, ನಡುಮನೆಯ ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದೆ. ಮೊದಮೊದಲು ಒಂದು ಪುಟ ನಾಲ್ಕು ಹಾಳೆಯಾದರೆ ಸಾಕಿತ್ತು. ಆಮೇಲೆ ಒಂಬತ್ತು. ಈಗ ಹದಿನಾರು. ಅಂಬೆಗಾಲಿಡುತ್ತಾ, ತಲೆಯನ್ನು ಓರೆ ಮಾಡಿಕೊಂಡು, ಒಂದು ಸಾಲು ಮುಗಿಸಲು ನಾಲ್ಕು ಹಾಳೆ ದಾಟುತ್ತಾ ನಾನು ಓದುತ್ತಿದ್ದೆ. ‘ನಾನೇ ಓದ್ತೀನಲ್ರೀ’ ಎಂದು ಗಂಗಾ ಎಷ್ಟೋ ಸಲ ಹೇಳಿದ್ದಳು. ನಾನು ಒಪ್ಪಿರಲಿಲ್ಲ.

ಉತ್ತರ ಬರೆಯುವುದು ಸುಲಭ. ಟೈಪು ಮಾಡಿ, ತಪ್ಪು ನನ್ನ ಕಣ್ಣಿಗೇ ಸಿಗಲೆಂದು ಅಕ್ಷರವನ್ನು ಅಂಗಡಿಯ ಬೋರ್ಡಿನಷ್ಟು ದಪ್ಪ ಮಾಡಿ ಅಚ್ಚು ಹಾಕುತ್ತಿದ್ದೆ. ಅಕ್ಕ ಅದನ್ನು ಬೇರೆಯಾಗಿ ತಿಳಿದಳು. ಒಂದು ಕಾಗದದಲ್ಲಿ ಬರೆದಿದ್ದಳು: ‘ಕಿವುಡಾಗಿರೋದು ನನ್ನ ಕಿವಿ, ಕಣ್ಣಲ್ಲ ಕಣೋ. ಕಾಗದದಾಗೂ ಯಾಕೆ ಕೂಗಾಡ್ತೀಯ?’ ಆ ಸಾಲನ್ನು ನೆಲದ ಮೇಲೆ ಓದಿ ಒಬ್ಬನೇ ನಕ್ಕೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಹೋದ ಆಯುಧಪೂಜೆಯ ಮುನ್ನಾದಿನ ನನ್ನ ಆಯುಧಗಳನ್ನೆಲ್ಲ ಒರೆಸಿಟ್ಟೆ. ಹೊರಗಿನ ಧೂಳು ಹೋದಮೇಲೆ ಕಂಪ್ಯೂಟರಿನ ಒಳಗಿನದೂ ಹೋಗಲೆಂದು ಹುಮ್ಮಸ್ಸು ಬಂತು. ‘ಈ ಸಾಮಾನುಗಳು ಈಗ ಬೇಕಾಗಿಲ್ಲ’ ಎಂದು ಲಿನಕ್ಸ್ ಒಂದು ಉದ್ದದ ಪಟ್ಟಿ ಓದಿತು. ಓದುವ ದನಿ ಅರ್ಧಕ್ಕೆ ಬರುವಷ್ಟರಲ್ಲಿ, ಹಬ್ಬದ ದಿನ ಅಟ್ಟ ಖಾಲಿ ಮಾಡುವವನ ಉತ್ಸಾಹದಲ್ಲಿ, ಎಲ್ಲ ತೆಗೆ ಎಂದೆ. ಅಂದೇ ಸಂಜೆ ಅಕ್ಕನ ಕಾಗದ ಬಂತು. ಮರುದಿನ ಪ್ರಿಂಟರಿಗೆ ವಿಭೂತಿ, ಚೆಂಡುಹೂವು. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವ ಹಾಗಿಲ್ಲವೆಂದು ಗಂಗಾ ಕಟ್ಟಪ್ಪಣೆ ಮಾಡಿದಳು. ಹಬ್ಬ ಮುಗಿಸಿ ಕಾಗದವನ್ನು ಗಾಜಿನ ಮೇಲಿಟ್ಟರೆ, ‘ಸ್ಕ್ಯಾನರ್ ಯಾವುದೂ ಇಲ್ಲ’ ಎಂದಿತು ಕಂಪ್ಯೂಟರ್. ನಾನು ಗುಡಿಸಿ ಹೊರಗೆ ಹಾಕಿದ ಕಸದಲ್ಲಿ ಅದರ ಕಣ್ಣೂ ಹೋಗಿತ್ತು.

ನಾಲ್ಕು ದಿನ ಹುಡುಕಿದೆ, ಇಂಟರ್ನೆಟ್ಟಿನಲ್ಲಿ ಕಂಡವರನ್ನೆಲ್ಲ ಕೇಳಿದೆ. ಕಾಗದ ಮೇಜಿನ ಮೇಲೇ ಇತ್ತು. ಗಂಗಾ ಮತ್ತೆ ಕೈಚಾಚಿದಳು, ನಾನು ಮತ್ತೆ ಬೇಡವೆಂದು ತಲೆಯಾಡಿಸಿದೆ. ಸೋಮವಾರ ಬೆಳಗ್ಗೆ ಯಾರೋ ಪುಣ್ಯಾತ್ಮನ ಉತ್ತರ ಬಂತು. ಹೋದದ್ದನ್ನು ಮರಳಿ ತಂದೆ, ಹದಿನಾರು ಹಾಳೆ ಹಾಸಿದೆ, ಮಂಡಿಯೂರಿದೆ. ಅಕ್ಕ ಕೆರೆಯ ಸುದ್ದಿ ಬರೆದಿದ್ದಳು, ಮನೆಯ ಸುದ್ದಿ ಬರೆದಿದ್ದಳು. ಹಾಳೆಗಳ ಮೂರನೆಯ ಸಾಲಿನಲ್ಲಿ ‘ಕಿವಿ ತೋರಿಸಕ್ಕೆ ಸೋಮವಾರ ಬರ್ತೀನಿ, ಒಂಬತ್ತು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಾ’ ಎಂಬಲ್ಲಿಗೆ ತಲುಪುವಷ್ಟರಲ್ಲಿ ಹತ್ತೂವರೆ ದಾಟಿತ್ತು, ಗೇಟು ಕಿರ್ರೆಂದಿತ್ತು.

“ಏನ್ಲಾ ಶಿವೂ, ಕಾದೂ ಕಾದೂ ಆಟೋ ಹತ್ಕಂಡು ಬಂದೆ! ಬರ್ದಿದ್ನಲ್ಲ, ಬರಬಾರ್ದಾಗಿತ್ತಾ?” ತನ್ನ ದನಿ ತನಗೇ ಕೇಳದವಳ ಗಂಟಲು, ಎದುರು ಮನೆಯವರೂ ಬಾಗಿಲು ತೆರೆದರು. ಒಳಗೆ ಬಂದವಳು ತಟ್ಟನೆ ನಿಂತಳು. “ಇದೇನ್ಲಾ, ಹಪ್ಪಳ ಒಣಗಾಕ್ದಂಗೆ ಹಾಕಿದೀಯ?” ಹಾಳೆಯೊಂದನ್ನು ಎತ್ತಿದ ಸದ್ದು. ಆಮೇಲೆ ಇನ್ನೊಂದು, ಮತ್ತೊಂದು. “ಇದು ನನ್ನಕ್ಷರ ಅಲ್ವಾ... ಎಷ್ಟು ದಿನದಿಂದ ಕಣೋ?”

ಅಕ್ಕ ತುಟಿ ನೋಡಿ ಮಾತು ತಿಳಿಯುತ್ತಾಳೆ. ಮುಖ ಎತ್ತಿ, “ಆರು ವರ್ಷ ಆಯ್ತಕ್ಕ” ಎಂದೆ. ಅವಳು ಹಾಳೆಗಳ ಮೇಲೆಯೇ ಕುಳಿತುಬಿಟ್ಟಳು.

“ನನ್ನ ಕಿವಿ ಹೋದ್ದು ನಾನು ಊರಿಗೆಲ್ಲ ಹೇಳ್ಕಂಡು ಅತ್ತೆ. ನಿನ್ನ ಕಣ್ಣು ಹೋಗ್ತಿರೋದು ನಂಗೂ ಹೇಳ್ಲಿಲ್ವಲ್ಲೋ.”

ಅವಳಿಗೆ ನೋವಾಗದಿರಲಿ ಎಂದು ಮುಚ್ಚಿಟ್ಟೆ ಅಂದುಕೊಂಡಿದ್ದೆ. ನಿಜಕ್ಕೂ ನನ್ನ ಹದ್ದಿನ ಕಣ್ಣನ್ನು ಒಬ್ಬರ ಬಾಯಲ್ಲಾದರೂ ಉಳಿಸಿಕೊಳ್ಳುವ ಆಸೆ ಅದು. ನಾಚಿಕೆಯಾಯಿತು.

ಆ ದಿನ ನಾವಿಬ್ಬರೂ ಎದುರುಬದುರು ಕೂತು ಮಾತಾಡಿದೆವು. ನಾನು ಅಂದದ್ದನ್ನು ಅವಳು ನೋಡಿದಳು, ಅವಳು ಅಂದದ್ದನ್ನು ನಾನು ಕೇಳಿದೆ; ಹಾಗೆ ಕೂತರೆ ನಮಗೆ ಏನೂ ಕಡಿಮೆಯಿಲ್ಲ. ಕಡಿಮೆಯಾಗುವುದು ತುಮಕೂರಿಗೂ ಕುಣಿಗಲ್ಲಿಗೂ ನಡುವಿನ ದಾರಿಯಲ್ಲಿ. ಪ್ರಿಂಟರಿನ ಬೊಟ್ಟುಗಳನ್ನು ಸವರಿ “ಇದ್ಕೂ ಅರಿಶಿನ ಕುಂಕುಮ ಕೊಟ್ಟು ಕಳಿಸ್ತೀಯಾ?” ಎಂದು ನಕ್ಕಳು. ತಾನು ಬರೆದ ಕಾಗದವನ್ನು ತಾನೇ ಕ್ಲಾಸಿನಲ್ಲಿ ಪಾಠ ಓದುವಂತೆ ಓದಿ ಹೇಳಿದಳು. ನಾನು ಒಂದಿಡೀ ಬೆಳಗ್ಗೆ ತೆವಳಬೇಕಿದ್ದದ್ದು ಎರಡು ನಿಮಿಷಕ್ಕೆ ಮುಗಿಯಿತು. ಆಮೇಲೆ ಸ್ಕೆಚ್ ಪೆನ್ ಕೇಳಿ, ಹಾಳೆಯೊಂದರ ಹಿಂದೆ ಅಂಗೈಯಗಲ ‘ಶಿವು’ ಎಂದು ಬರೆದು ಹಿಡಿದಳು.

“ಕಾಣ್ತದಾ? ಇನ್ನು ಹಿಂಗೇ ಬರೀತೀನಿ.”

ಕಂಡಿತು. ಒಂದೇ ಏಟಿಗೆ ಓದಿದೆ. ಓದಿದ್ದಕ್ಕೆ ಸಂತೋಷವಾಗಬೇಕಿತ್ತಲ್ಲವೇ? ‘ಶಿ’ಯ ಗುಡಿಸನ್ನು ಸಣ್ಣ ಸುಳಿಯಾಗಿ ತಿರುಗಿಸಿ ನಿಲ್ಲಿಸುವ ಅವಳ ಅಭ್ಯಾಸ ಆ ದಪ್ಪ ಗೆರೆಯಲ್ಲಿ ಇರಲಿಲ್ಲ. ಅದು ಯಾರು ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದಾದ ಅಕ್ಷರ. ಅವಳ ಮುಖ ನನಗೆ ಸ್ಪಷ್ಟವಾಗಿ ಕಾಣದೆ ಎಷ್ಟೋ ಕಾಲವಾಯಿತು, ಅದಕ್ಕೆ ಒಗ್ಗಿಕೊಂಡಿದ್ದೆ. ಅವಳ ಅಕ್ಷರವೂ ಹೋಗುವುದನ್ನು ನಾನು ತಾಳಲಾರೆನೆಂದು ಆಗ ಗೊತ್ತಾಯಿತು. ಆದರೂ ಹೇಗೆ ಹೇಳುವುದು? ಓದಲಾಗುವ ಕಾಗದ ಬೇಡ, ಓದಲಾಗದ್ದೇ ಬೇಕು ಎಂದರೆ ಯಾವ ಅಕ್ಕ ಸುಮ್ಮನಿದ್ದಾಳು? ಆಗಲೆಂದು ತಲೆಯಾಡಿಸಿದೆ.

ಕಿವಿ ತೋರಿಸಿಕೊಂಡದ್ದಾಯಿತು. ಸಂಜೆ ಗಂಗಾಳ ತೋಳು ಹಿಡಿದು ನಾನೂ ಬಸ್ ಸ್ಟ್ಯಾಂಡಿಗೆ ಹೋದೆ. ಅಕ್ಕ ಹತ್ತಿ ಕೂತಳು. ಯಾವ ಕಿಟಕಿಯೋ ನನಗೆ ತಿಳಿಯದು. ಬಸ್ಸೆಂಬುದು ಒಂದು ಮಸುಕಾದ ಗೋಡೆ, ಅದರಲ್ಲಿ ಕಪ್ಪು ಚೌಕಗಳು. ಇಂಜಿನ್ ಗುಡುಗಿತು, ಕಂಡಕ್ಟರು ಸೀಟಿ ಊದಿದ. ಆ ಗದ್ದಲದಲ್ಲಿ ಕೂಗಿ ಫಲವಿಲ್ಲ, ಕೂಗುವ ಅಗತ್ಯವೂ ಇಲ್ಲ. ಮುಖ ಎತ್ತಿ, ದನಿ ಹೊರಡಿಸದೆ, ತುಟಿಯನ್ನಷ್ಟೇ ನಿಧಾನವಾಗಿ ಅಲುಗಿಸಿದೆ: ದೊಡ್ಡದಾಗಿ ಬರೀಬೇಡ ಅಕ್ಕ. ನಿನ್ನ ಅಕ್ಷರದಲ್ಲೇ ಬರಿ.

ಬಸ್ಸು ಅಲುಗಿತು. ಮೂರನೆಯ ಕಿಟಕಿಯಿಂದಲೋ ನಾಲ್ಕನೆಯದರಿಂದಲೋ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಅಕ್ಕನ ದನಿ ಬಂತು.

“ಓದಕ್ಕಾಗಲ್ವಲ್ಲೋ ನಿಂಗೆ!”

ಬರಿ, ಎಂದೆ ಮತ್ತೆ, ತುಟಿಯಲ್ಲೇ.

ಬಸ್ಸು ಗೇಟಿನತ್ತ ತಿರುಗಿತು. ಅವಳು ನೋಡಿದಳೋ ಇಲ್ಲವೋ ತಿಳಿಯದೆ ಆ ಮಸುಕಿನ ಕಡೆ ಮುಖಮಾಡಿ ನಿಂತೇ ಇದ್ದೆ. ಆಗ ದೂರದಿಂದ, ಮೇಡಮ್ಮನ ಗದರಿಕೆಯೂ ಅಳುವೂ ಬೆರೆತು ಬಂತು:

“ಸಣ್ಣಕ್ಕೇ ಬರೀತೀನಿ ಬುಡೋ!”